ನಂಗ್ ಕಾಣ್ಬೇಕಲ್ಲ ಸಾರ್

ಮಂಗಳವಾರ ರಾತ್ರಿ ಆ ಹುಡುಗ ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ನಂಗ್ ಕಾಣ್ಬೇಕಲ್ಲ ಸಾರ್." ಅಷ್ಟೇ. ಜಗಳದ ದನಿ ಇರಲಿಲ್ಲ, ಉಡಾಫೆಯೂ ಇರಲಿಲ್ಲ. ಊಟ ಆಯ್ತಾ ಅಂತ ಕೇಳಿದರೆ ಆಯ್ತು ಅನ್ನುವ ಹಾಗೆ ಹೇಳಿದ.

ಗುಬ್ಬಿ ದಾಟಿದಾಗಿನಿಂದ ಅವನ ಕಾರು ನನ್ನ ಹಿಂದೆಯೇ ಇತ್ತು. ಒಳಗಿನ ಕನ್ನಡಿ ತಿರುಗಿಸಿಟ್ಟೆ. ಆದರೂ ಸೈಡ್ ಮಿರರ್‌ನಿಂದ ಅವನ ಹೆಡ್‌ಲೈಟಿನ ನೀಲಿ ಬಿಳುಪಿನ ಬೆಳಕು ಸೀದಾ ಬಲಗಣ್ಣಿಗೆ ಹೊಡೆಯುತ್ತಿತ್ತು. ಮುಂದೆ ಹೋಗಲಿ ಅಂತ ನಿಧಾನ ಮಾಡಿದರೆ ಪುಣ್ಯಾತ್ಮ ಅವನೂ ನಿಧಾನ ಮಾಡಿದ. ನಿಟ್ಟೂರು ಹತ್ತಿರ ಎದುರಿನಿಂದ ಒಂದು ಟಿವಿಎಸ್ ಎಕ್ಸ್‌ಎಲ್ ಬಂತು. ಹಿಂದೆ ಮುಂದೆ ತೆಂಗಿನಕಾಯಿ ಚೀಲ, ಓಡಿಸುತ್ತಿದ್ದವರು ವಯಸ್ಸಾದವರು. ನನ್ನ ಕಾರು ದಾಟಿದ್ದೇ ತಡ, ಹಿಂದಿನ ಬೆಳಕು ಮುಖಕ್ಕೆ ಬಿತ್ತು ಅಂತ ಕಾಣುತ್ತೆ, ಒಂದು ಕೈ ಎತ್ತಿ ಹಣೆಗೆ ಅಡ್ಡ ಹಿಡಿದರು. ಇನ್ನೊಂದು ಕೈಯಲ್ಲೇ ಗಾಡಿಯನ್ನು ಮಣ್ಣಿಗೆ ಇಳಿಸಿ ನಿಂತುಬಿಟ್ಟರು. ಬೀಳಲಿಲ್ಲ, ಅದು ಅವರ ಅನುಭವ. ನನ್ನ ವಯಸ್ಸಿನವರಾಗಿದ್ದರೆ ಚೀಲದ ಸಮೇತ ಚರಂಡಿಯಲ್ಲಿ ಇರುತ್ತಿದ್ದರು.

ಕೆ.ಬಿ. ಕ್ರಾಸ್‌ನಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಅವನೂ ಅಲ್ಲೇ ತಿರುಗಿಸಿದ. ಅಂಗಡಿ ಮುಂದೆ ನಿಂತಿದ್ದವರೆಲ್ಲ ಒಟ್ಟಿಗೆ ಮುಖ ತಿರುಗಿಸಿದರು. "ಲೈಟ್ ಆಫ್ ಮಾಡಪ್ಪೋ, ಹಾಲು ಉಕ್ಕಿದ್ದೂ ಕಾಣ್ತಿಲ್ಲ" ಅಂತ ಟೀ ಅಂಗಡಿಯವರು ಕೂಗಿದರು. ಇಳಿದು ಬಂದವನಿಗೆ ಇಪ್ಪತ್ತೈದು ಇರಬಹುದು. ಕೊರಳಲ್ಲಿ ಇನ್ನೂ ಫ್ಯಾಕ್ಟರಿಯ ಐಡಿ ಕಾರ್ಡ್. ವಸಂತನರಸಾಪುರದಲ್ಲಿ ಕೆಲಸ, ಸೆಕೆಂಡ್ ಶಿಫ್ಟ್ ಮುಗಿಸಿ ಊರಿಗೆ ಹೊರಟಿದ್ದ. ಕಾರು ಅಪ್ಪನ ಕಾಲದ ವ್ಯಾಗನ್ ಆರ್. ಬಾಡಿಯ ಬಣ್ಣ ಅಲ್ಲಲ್ಲಿ ಮಾಸಿದೆ, ಹೆಡ್‌ಲೈಟ್ ಮಾತ್ರ ಹೊಸ ಮದುಮಗ.

"ತಮ್ಮಾ, ಡಿಮ್ ಹಾಕ್ಕೊಂಡು ಬರಬಾರದಾ?" ಅಂದೆ.

"ಡಿಮ್ಮೇ ಸಾರ್ ಅದು."

ನನಗೆ ನಂಬಿಕೆ ಬರಲಿಲ್ಲ. ಅವನು ಬಾಗಿಲು ತೆಗೆದು ಒಳಗೆ ಬಗ್ಗಿ ಲೈಟ್ ಹಾಕಿ ತೋರಿಸಿದ. ಮೀಟರ್‌ನಲ್ಲಿ ಹೈ ಬೀಮ್‌ನ ನೀಲಿ ದೀಪ ಇರಲಿಲ್ಲ. ಹುಡುಗ ಹೇಳಿದ್ದು ನಿಜ, ಅದು ಡಿಮ್ಮೇ. ಎಚ್‌ಐಡಿ ಅನ್ನುವ ಕ್ಸೆನಾನ್ ಹೆಡ್‌ಲೈಟ್ ಕಿಟ್ ಹಾಕಿಸಿದ್ದೇನೆ, 8000 ಕೆಲ್ವಿನ್‌ದು ಅಂತ ಹೆಮ್ಮೆಯಿಂದಲೇ ಹೇಳಿದ. ಎದುರಿನವರಿಗೆ ಕಷ್ಟ ಆಗಲ್ವಾ ಅಂತ ಕೇಳಿದೆ. ಆಗ ಬಂದಿದ್ದು ಆ ಮಾತು. ನಂಗ್ ಕಾಣ್ಬೇಕಲ್ಲ ಸಾರ್.

ನನಗೆ ತಕ್ಷಣ ಸಿಟ್ಟು ಬಂತು. ಅಲ್ಲಿ ಏನೂ ಹೇಳಲಿಲ್ಲ, ಟೀ ಮುಗಿಸಿ ಹೊರಟೆ. ಆದರೆ ಆ ಸಿಟ್ಟು ತಿಪಟೂರಿನ ತನಕ ಪೂರ್ತಿ ಉಳಿಯಲಿಲ್ಲ. ಯಾಕೆಂದರೆ ದಾರಿಯಲ್ಲಿ ನನಗೂ ಏನೂ ಕಾಣುತ್ತಿರಲಿಲ್ಲ! ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರಾಕ್ಟರ್ ಟ್ರೇಲರ್ ಇತ್ತು. ಬಣ್ಣ ಹೊಡೆಯದ ಹಂಪ್ ಇತ್ತು. ರಸ್ತೆ ಅಂಚಿನ ಬಿಳಿ ಗೆರೆ ಎಲ್ಲಿ ಮುಗಿಯುತ್ತೋ ಅಲ್ಲಿಂದ ಮುಂದೆ ಅಂದಾಜಿನ ಮೇಲೆ ಹೋಗಬೇಕು. ದಿನಾ ನಡುರಾತ್ರಿ ಹೀಗೆ ಮನೆಗೆ ಹೋಗುವ ಹುಡುಗನಿಗೆ ಕಾಣಬೇಕು ಅನ್ನುವುದು ಶೋಕಿ ಅಲ್ಲ. ಆ ನೀಲಿ ಬಣ್ಣ ಶೋಕಿ, ಅದು ಬೇರೆ ವಿಷಯ.

ಬುಧವಾರ ನಮ್ಮಣ್ಣನ ಆಲ್ಟೋ ತೆಗೆದುಕೊಂಡು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದಿತ್ತು. ಅಣ್ಣನ ಗಾಡಿ 2010ರದ್ದು. 15 ವರ್ಷ ತುಂಬಿದ್ದಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಬೇಕು, ಅದರ ಮುಂಚೆ ಲೈಟು, ಹಾರ್ನು ಎಲ್ಲ ಸರಿ ಮಾಡಿಸೋಣ ಅಂತ. ಮಜಾ ಅಂದರೆ ಅಣ್ಣನಿಗೂ ಎಚ್‌ಐಡಿ ಆಸೆ. "ಎಲ್ಲರೂ ನಮ್ಮ ಕಣ್ಣಿಗೆ ಬಿಡ್ತಾರೆ ಕಣೋ, ನಾವೂ ಬಿಡೋಣ" ಅಂತ ಅವನ ವಾದ. ನಮ್ಮಣ್ಣ ರಿಟೈರ್ಡ್ ಮೇಷ್ಟ್ರು. ಮಕ್ಕಳಿಗೆ ಮೂವತ್ತು ವರ್ಷ ಬೇರೆಯದನ್ನೇ ಹೇಳಿಕೊಟ್ಟಿರಬೇಕು ಅಂದುಕೊಂಡಿದ್ದೇನೆ.

ಎಲೆಕ್ಟ್ರಿಷಿಯನ್ ಭಾಯ್ ಹೆಚ್ಚು ಮಾತಾಡುವವರಲ್ಲ. ಮಂಗಳವಾರದ ಕತೆ ಹೇಳಿದೆ. ಆಲ್ಟೋದಿಂದ ಬಿಚ್ಚಿದ ಎಚ್4 ಅನ್ನುವ ಮಾಮೂಲಿ ಹ್ಯಾಲೊಜನ್ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ ತೋರಿಸಿದರು. ಒಳಗೆ ಎರಡು ಫಿಲಮೆಂಟ್. ಡಿಮ್‌ಗೆ 55 ವ್ಯಾಟ್, ಹೈ ಬೀಮ್‌ಗೆ 60. ಡಿಮ್‌ನ ಫಿಲಮೆಂಟ್ ಕೆಳಗೆ ಒಂದು ಪುಟಾಣಿ ಲೋಹದ ಬಟ್ಟಲು. ಉಗುರಿನಷ್ಟೂ ಇಲ್ಲ. ಬೆಳಕು ಕೆಳಗೆ ಹೋಗದ ಹಾಗೆ ಆ ಬಟ್ಟಲು ತಡೆಯುತ್ತೆ. ಮೇಲಕ್ಕೆ ಹೋದ ಬೆಳಕಷ್ಟೇ ರಿಫ್ಲೆಕ್ಟರ್‌ನ ಮೇಲಿನ ಅರ್ಧಕ್ಕೆ ಬಡಿದು ರಸ್ತೆಗೆ ಇಳಿಯುತ್ತೆ. ಡಿಮ್ ಅಂದರೆ ಕಡಿಮೆ ಬೆಳಕು ಅಂತಲೇ ಇಷ್ಟು ದಿನ ತಿಳಿದಿದ್ದೆ. ಅಸಲಿ ಕೆಲಸ ಆ ಬಟ್ಟಲಿನದು.

ಎಚ್‌ಐಡಿಯಲ್ಲಿ ಫಿಲಮೆಂಟೇ ಇಲ್ಲ. ಗಾಜಿನ ಗುಳಿಗೆಯೊಳಗೆ ಕ್ಸೆನಾನ್ ಗ್ಯಾಸ್. ಬಲಾಸ್ಟ್ ಅನ್ನುವ ಡಬ್ಬಿ ಬ್ಯಾಟರಿಯ 12 ವೋಲ್ಟನ್ನು ಒಂದು ಕ್ಷಣ 20,000 ವೋಲ್ಟಿಗೂ ಮೇಲೆ ಏರಿಸಿ ಕಿಡಿ ಹೊತ್ತಿಸುತ್ತೆ. ವ್ಯಾಟ್ ಬರೀ 35, ಬೆಳಕು ಮಾತ್ರ ಸುಮಾರು 3000 ಲೂಮೆನ್ (ಬೆಳಕಿನ ಅಳತೆ). ಎಚ್4ನ ಡಿಮ್ ಕೊಡುವುದು 1000 ಲೂಮೆನ್ ಆಸುಪಾಸು. ಮೂರು ಪಟ್ಟು ಬೆಳಕನ್ನು ಫಿಲಮೆಂಟ್‌ಗೆ ಅಂತ ಅಳೆದು ಮಾಡಿದ ಡೂಮ್‌ನಲ್ಲಿ, ಅಂದರೆ ಹೆಡ್‌ಲೈಟಿನ ಗೂಡಿನಲ್ಲಿ, ಕೂರಿಸಿದರೆ, ಕಿಡಿಯ ಆಕಾರವೂ ಬೇರೆ ಜಾಗವೂ ಬೇರೆ, ಅದು ಹೋಗಬಾರದ ಕಡೆಗೆಲ್ಲ ಚೆಲ್ಲುತ್ತೆ. "ಹುಡುಗ ಡಿಮ್ಮೇ ಹಾಕಿದ್ದ. ಗಾಡಿಗೆ ಡಿಮ್ ಮಾಡೋಕೆ ಆಗ್ಲಿಲ್ಲ, ಅಷ್ಟೇ" ಅಂದರು ಭಾಯ್.

ಕ್ಸೆನಾನ್ ಕೆಟ್ಟದ್ದೇನಲ್ಲ. 1991ರಲ್ಲೇ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಬಂದಿತ್ತು. ಆದರೆ ಯೂರೋಪಿನ ನಿಯಮದಲ್ಲಿ 2000 ಲೂಮೆನ್ ದಾಟುವ ಡಿಮ್ ಲೈಟ್ ಇದ್ದರೆ, ಹಿಂದೆ ಭಾರ ಹೇರಿ ಮೂತಿ ಮೇಲೆದ್ದಾಗ ಬೆಳಕನ್ನು ತಾನಾಗಿ ಕೆಳಗಿಳಿಸುವ ವ್ಯವಸ್ಥೆ ಬೇಕು, ಗಾಜು ತೊಳೆಯುವ ವಾಷರ್ ಬೇಕು. ನಮ್ಮ ಕಿಟ್‌ನಲ್ಲಿ ಬರುವುದು ಎರಡು ಬಲ್ಬು, ಎರಡು ಬಲಾಸ್ಟು, ಒಂದಿಷ್ಟು ವೈರು. ಆ ಕೆಲ್ವಿನ್ ಕತೆಯಂತೂ ನಗು ಬರಿಸುತ್ತೆ. ಕಂಪನಿಯಿಂದ ಬರುವ ಕ್ಸೆನಾನ್ ಸಾಮಾನ್ಯವಾಗಿ 4300 ಕೆಲ್ವಿನ್. ಅದು ಬಣ್ಣದ ಲೆಕ್ಕ, ಬೆಳಕಿನ ಲೆಕ್ಕ ಅಲ್ಲ. 8000 ಅಂದರೆ ಜಾಸ್ತಿ ನೀಲಿ, ಜಾಸ್ತಿ ಬೆಳಕಲ್ಲ. ಮಳೆಯಲ್ಲಿ ಇನ್ನೂ ಕಡೆ. ಅಂಗಡಿಯವನು ದೊಡ್ಡ ನಂಬರ್ ತೋರಿಸಿದ, ಹುಡುಗ ದುಡ್ಡು ಕೊಟ್ಟ.

ಇನ್ನು ಕಾನೂನು. ಕಂಪನಿ ಕೊಟ್ಟಿದ್ದನ್ನು ಮನಸ್ಸಿಗೆ ಬಂದಂತೆ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. 2019ರ ತಿದ್ದುಪಡಿಯ ನಂತರ 182ಎ ಪ್ರಕಾರ ಅಂಥ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನನಗೆ ಇಷ್ಟವಾದದ್ದು ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ. ಲೈಟಿನಿಂದ 8 ಮೀಟರ್ ದೂರದಲ್ಲಿ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಂದು ಕಣ್ಣಿದ್ದರೆ ಆ ಕಣ್ಣು ಕುಕ್ಕಬಾರದು ಅನ್ನುತ್ತೆ ಅದು. ಯಾರೋ ಒಬ್ಬರು ಆಫೀಸಿನಲ್ಲಿ ಕೂತು ಎದುರಿಗೆ ಬರುವವನ ಕಣ್ಣು ಎಲ್ಲಿರುತ್ತೆ ಅಂತ ಅಳೆದು ಬರೆದಿದ್ದಾರಲ್ಲ! ಎಕ್ಸ್‌ಎಲ್ ಮೇಲೆ ಕೂತಿದ್ದ ಆ ಹಿರಿಯರ ಕಣ್ಣು ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿತ್ತು.

2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸು ಹಾಕುತ್ತೇವೆ ಅಂತ ಹೊರಟಾಗ ನಾನು ಖುಷಿಪಟ್ಟಿದ್ದೆ. ಈಗಲೂ ಹಾಕಲಿ. ಆದರೆ ಕೇಸು ಬೀಳುವುದು ಹಾಕಿಸಿಕೊಂಡವನ ಮೇಲೆ. ಅದನ್ನು ಗಾಜಿನ ಶೋಕೇಸಿನಲ್ಲಿಟ್ಟು, ಬಿಲ್ಲಿಲ್ಲದೆ ಮಾರಿ, ಅರ್ಧ ಗಂಟೆಯಲ್ಲಿ ಫಿಟ್ ಮಾಡಿ, "ಏನೂ ಆಗಲ್ಲ ಬಾಸ್" ಅನ್ನುವವನು ಆರಾಮಾಗಿರುತ್ತಾನೆ. ನನ್ನ ಸಿಟ್ಟಿನಲ್ಲಿ ಹೆಚ್ಚಿನ ಪಾಲು ಈಗ ಅವನಿಗೇ ಸೇರಿದ್ದು. ದಾರಿಯಲ್ಲಿ 60ರ ವೇಗದಲ್ಲಿ ಹೋಗುವವನು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತಾನೆ. ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಮೂರು ಸೆಕೆಂಡ್ ಹಿಡಿದರೆ 50 ಮೀಟರ್ ಕುರುಡಾಗಿ ಹೋದ ಹಾಗೆ. ವಯಸ್ಸಾದವರಿಗೆ ಇನ್ನೂ ಹೊತ್ತು ಬೇಕು. ಆ 50 ಮೀಟರಿನಲ್ಲಿ ಯಾರು ನಡೆದು ಹೋಗುತ್ತಿದ್ದರೋ ಅವರಿಗೂ ಶೋಕೇಸಿಗೂ ಸಂಬಂಧವೇ ಇಲ್ಲ.

ಅಣ್ಣನ ಆಲ್ಟೋಗೆ ಭಾಯ್ ಮಾಡಿದ್ದು ಇಷ್ಟು. ಹಳದಿಯಾಗಿದ್ದ ಡೂಮನ್ನು ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿದರು. ಬ್ಯಾಟರಿಯಿಂದ ಸೀದಾ ದಪ್ಪ ವೈರ್ ಎಳೆದು ರಿಲೇ ಅನ್ನುವ ಕರೆಂಟಿನ ಸ್ವಿಚ್ಚು ಕೂರಿಸಿದರು. ಹಳೆ ಗಾಡಿಗಳಲ್ಲಿ ಕರೆಂಟು ಸ್ವಿಚ್ಚು, ಸಣ್ಣ ವೈರು, ತುಕ್ಕು ಹಿಡಿದ ಅರ್ಥ್ ಎಲ್ಲ ಸುತ್ತಿಕೊಂಡು ಬರುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗಿರುತ್ತೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತೆ. ಆಮೇಲೆ ಅದೇ 60/55ರ ಒಳ್ಳೆ ಬಲ್ಬು ಹಾಕಿ, ಗೋಡೆ ಮುಂದೆ ನಿಲ್ಲಿಸಿ, ಸ್ಕ್ರೂ ತಿರುಗಿಸಿ ಬೆಳಕಿನ ಎತ್ತರ ಸೆಟ್ ಮಾಡಿದರು. ಎಲ್ಲ ಸೇರಿ ಕಿಟ್‌ಗಿಂತ ಕಡಿಮೆ ದುಡ್ಡು. ಇದನ್ನು ಆ ಹುಡುಗನಿಗೆ ಯಾರಾದರೂ ಹೇಳಿದ್ದರೆ ಅವನಿಗೂ ಕಾಣುತ್ತಿತ್ತು, ಎದುರಿನವರಿಗೂ ಕಾಣುತ್ತಿತ್ತು. ಟೀ ಅಂಗಡಿಯವರ ಹತ್ತಿರ ಭಾಯ್ ನಂಬರ್ ಕೊಟ್ಟು ಬಂದಿದ್ದೇನೆ, ಹುಡುಗ ದಿನಾ ಅಲ್ಲಿ ನಿಲ್ಲಿಸುತ್ತಾನಂತೆ.

ನಿನ್ನೆ ರಾತ್ರಿ ಅಣ್ಣ ಹೊನ್ನವಳ್ಳಿ ಕಡೆ ಒಂದು ರೌಂಡ್ ಹೋಗಿ ಬಂದು ಫೋನ್ ಮಾಡಿದ್ದ. "ಪರವಾಗಿಲ್ಲ ಕಣೋ, ಚೆನ್ನಾಗೇ ಕಾಣುತ್ತೆ" ಅಂದ. ಆಮೇಲೆ ಸ್ವಲ್ಪ ತಡೆದು, "ಕೆಳಗಡೆ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ರೆ ಹೆಂಗೆ?" ಅಂದ. ಭಾಯ್‌ನೇ ಕೇಳು ಅಂತ ಹೇಳಿ ಫೋನ್ ಇಟ್ಟಿದ್ದೇನೆ.