ನಿಂತ ಲಾರಿಗೆ 38

ಚಹಾ ಅಂಗಡಿಯ ಮುಂದೆ ನಮ್ಮ ಕಡೆ ಮುಖ ಮಾಡಿ ಒಂದು ಲಾರಿ ನಿಂತಿತ್ತು. ಚಾಲಕ ಕೆಳಗಿಳಿದು ಬನ್ನು ತಿನ್ನುತ್ತಿದ್ದ. ವಾಹನಗಳ ವೇಗ ಅಳೆಯುವ ಲೇಸರ್ ಗನ್ ಹಿಡಿದಿದ್ದ ಹೆಡ್ ಕಾನ್‌ಸ್ಟೆಬಲ್ ನನ್ನತ್ತ ತಿರುಗಿ, "ಸಾರ್, ಈ ಲಾರಿ ರಿವರ್ಸಿನಲ್ಲಿ 38ರ ವೇಗದಲ್ಲಿ ಹೋಗುತ್ತಿದೆಯಂತೆ" ಎಂದರು. ಪರದೆಯ ಮೇಲೆ ಮೈನಸ್ 38. ಇನ್‌ಸ್ಪೆಕ್ಟರ್ ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಆ ಗನ್ನಿನ ಫರ್ಮ್‌ವೇರ್, ಅಂದರೆ ಒಳಗೆ ಕೂತು ಲೆಕ್ಕ ಹಾಕುವ ಸಾಫ್ಟ್‌ವೇರ್, ಬರೆದವನು ನಾನು. ಈ ಡೆಮೊಗೆ ಎರಡು ವಾರ ಮುಂಚೆ ಸೇಲ್ಸ್‌ನವರು "ಎರರ್ ಜಾಸ್ತಿ ಬರುತ್ತದೆ, ಗಿರಾಕಿ ಬೇಸರಪಡುತ್ತಾರೆ" ಎಂದು ಬೆನ್ನು ಹತ್ತಿದ್ದರು. ಗನ್ ಬೆಳಕಿನ ಪಲ್ಸ್‌ಗಳನ್ನು ಕಳಿಸಿ, ಪ್ರತಿಯೊಂದೂ ಮರಳಿ ಬರುವ ಸಮಯದಿಂದ ದೂರ ಅಳೆಯುತ್ತದೆ: ಸೆಕೆಂಡಿಗೆ 200 ಪಲ್ಸ್, 0.3 ಸೆಕೆಂಡಿನಲ್ಲಿ ಅರವತ್ತು ದೂರಗಳು, ಅವುಗಳ ಮೂಲಕ ಎಳೆದ ಗೆರೆಯ ಇಳಿಜಾರೇ ವೇಗ. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 15 ಸೆಂ.ಮೀ. ವ್ಯತ್ಯಾಸ, 100 ಕಿ.ಮೀ. ವೇಗದ ಕಾರು ಎರಡು ಪಲ್ಸ್‌ಗಳ ನಡುವೆ ಚಲಿಸುವುದೂ ಅಷ್ಟೂ ಇಲ್ಲ. ಹಾಗಾಗಿ ಬಿಡಿ ಪಲ್ಸಿಗೆ ಬೆಲೆಯಿಲ್ಲ, ಗೆರೆಯನ್ನೇ ನಂಬಬೇಕು. ಚುಕ್ಕೆಗಳು ಗೆರೆಯಿಂದ ಚದುರಿದರೆ ಗನ್ ಅಂಕಿ ತೋರಿಸದೆ ಎರರ್ ಎನ್ನುತ್ತದೆ. ಆ ಚದುರುವಿಕೆಯ ಮಿತಿಯನ್ನು ನಾನು ಎರಡು ಪಟ್ಟು ಮಾಡಿದೆ. ಲ್ಯಾಬಿನಲ್ಲಿ ಟ್ರೈಪಾಡ್ ಮೇಲಿಟ್ಟು ಗೋಡೆಗೆ ಹೊಡೆದೆ, ಸೊನ್ನೆ. ರಸ್ತೆಯಲ್ಲಿ ಟ್ರೈಪಾಡ್ ಬಳಸುವವರನ್ನು ನಾನಂತೂ ಕಂಡಿಲ್ಲ.

ಗನ್ ಇಸಿದುಕೊಂಡು ಲಾರಿಯ ನಂಬರ್ ಪ್ಲೇಟಿಗೆ ಗುರಿಯಿಟ್ಟೆ. ಸೊನ್ನೆ. ಮತ್ತೊಮ್ಮೆ, ಸೊನ್ನೆ. ಉಸಿರು ಬಿಟ್ಟೆ.

"ಹಾಗಲ್ಲ ಸಾರ್, ನಾವು ಹಿಡಿಯುವ ಹಾಗೆ ಹಿಡಿಯಿರಿ" ಎಂದ ಹೆಡ್ ಕಾನ್‌ಸ್ಟೆಬಲ್ ಗನ್ ವಾಪಸ್ ಪಡೆದು, ಟ್ರಿಗರ್ ಒತ್ತುತ್ತಲೇ ಮುಂಭಾಗದಿಂದ ಲಾರಿಯ ಪಕ್ಕೆಯುದ್ದಕ್ಕೂ ಹಿಂದಕ್ಕೆ ಕೈ ಸರಿಸಿದರು. ಮೈನಸ್ 41. ಗುರಿ ಮೂರು ಮೀಟರಿನಷ್ಟು ಜಾರಿದರೆ ಸಾಕು, ಗನ್ನಿಗೆ ಲಾರಿಯೇ ಓಡಿದಂತೆ. 905 ನ್ಯಾನೋಮೀಟರಿನ ಕಿರಣ ಕಣ್ಣಿಗೆ ಕಾಣುವಂತಿದ್ದರೆ ಆ ಜಾರುವಿಕೆಯನ್ನು ಅಂಗಡಿಯವನೂ ಕಂಡುಹಿಡಿಯುತ್ತಿದ್ದ. ನಡುಗುವ ಕೈಯಿಂದ ಬಂದ ಡೊಂಕು ಗೆರೆಯನ್ನು ಹಳೆಯ ಮಿತಿ ಬಹುಮಟ್ಟಿಗೆ ತಿರಸ್ಕರಿಸುತ್ತಿತ್ತು.

ನಮ್ಮ ಮ್ಯಾನೇಜರ್ ಮುಂದೆ ಬಂದು, "ಬಳಸುವವರಿಗೆ ತರಬೇತಿ ಸಾಲದು" ಎಂದುಬಿಟ್ಟರು. ನಾನು ಸುಮ್ಮನಿದ್ದೆ. ಹೆಡ್ ಕಾನ್‌ಸ್ಟೆಬಲ್ ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಹಳೆಯ ಗನ್ ಎರರ್ ಎನ್ನುತ್ತಿತ್ತಲ್ಲ, ಅದು ಕೆಟ್ಟಿರಲಿಲ್ಲವೇ ಹಾಗಾದರೆ?"

"ಕೆಟ್ಟಿರಲಿಲ್ಲ, ಕೆಡಿಸಿದವನು ನಾನು" ಎನ್ನಲು ಕಾರಿನವರೆಗೆ ನಡೆಯಬೇಕಾಯಿತು, ಮ್ಯಾನೇಜರ್ ಫೋನಿನಲ್ಲಿದ್ದರು.

ಆ ರಾತ್ರಿಯೇ ಮಿತಿಯನ್ನು ಮೊದಲಿನಂತೆ ಮಾಡಿದೆ. ಸೋಮವಾರ ಸೇಲ್ಸ್‌ನಿಂದ ದೂರಿನ ಟಿಕೆಟ್ ಬಂತು: ಮತ್ತೆ ಎರರ್ ಬರುತ್ತಿದೆ, ತುರ್ತು.