ಜೀಪಿಗೆ ಹೊಸ ಸೆಲ್ಫ್ ಮೋಟಾರು

ಭಾನುವಾರ, 15 ಜೂನ್ 2025

ಹತ್ತು ಗಂಟೆಯ ಹೊತ್ತಿಗೆ ಮೃಗಶಿರೆ ಮಳೆ ಸ್ವಲ್ಪ ಹೊಳವು ಕೊಟ್ಟಿತು. ಶೆಡ್ಡಿನಲ್ಲಿ ಟಾರ್ಪಾಲು ಹಾಸಿ ಜೀಪಿನ ಅಡಿಗೆ ನುಸುಳಿದೆ. ನಮ್ಮದು ಮಹೀಂದ್ರ ಎಂಎಂ 540, ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನಿನದು, 2112 ಸಿಸಿ. ಇಂಥ ಜೀಪಿನ ಒಂದು ಸುಖವೆಂದರೆ ಜಾಕಿ ಇಲ್ಲದೆಯೇ ಅದರ ಅಡಿಯಲ್ಲಿ ಮಲಗಬಹುದು.

ಎಂಜಿನ್ ಚಾಲೂ ಮಾಡಲು ಅದನ್ನು ತಿರುಗಿಸುವ ಮೋಟಾರು, ಅಂದರೆ ಸೆಲ್ಫ್, ಸೊರಗಿ ಕೆಲವು ವಾರಗಳೇ ಆಗಿದ್ದವು. ಕೀ ತಿರುಗಿಸಿದರೆ ಎಂಜಿನ್ ನರಳುತ್ತ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು, ಕೆಲವು ಸಲ ಬರೀ ‘ಟಕ್’ ಎನ್ನುತ್ತಿತ್ತು. ಮಲೆನಾಡಿನಲ್ಲಿ ಇದಕ್ಕೆ ಎಲ್ಲರೂ ಬಲ್ಲ ಮದ್ದು ಇದೆ. ಜೀಪನ್ನು ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸುವುದು. ಬೆಳಿಗ್ಗೆ ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಉರುಳಲು ಬಿಟ್ಟು, ವೇಗ ಸಿಕ್ಕಾಗ ಕ್ಲಚ್ ಬಿಡುವುದು. ನನ್ನ ತಮ್ಮ ಹೀಗೆಯೇ ವರ್ಷವಿಡೀ ನಡೆಸಬಲ್ಲ. ಸಂತೆಯ ದಿನ ಪೇಟೆಯ ಸಮತಟ್ಟು ಜಾಗದಲ್ಲಿ ತಳ್ಳುವವರನ್ನು ಹುಡುಕುವ ಪಾಡು ಮಾತ್ರ ನನ್ನದು.

ಅಪ್ಪನ ಪೆಟ್ರೋಲ್ ಜೀಪಿಗಾದರೆ ಮುಂದಿನಿಂದ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಿದರೆ ಸಾಕಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಯಲ್ಲೇ ಇಡಬೇಕು, ಸುತ್ತಿ ಹಿಡಿದರೆ ಎಂಜಿನ್ ಒದ್ದಾಗ ಮೂಳೆ ಮುರಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ಈ ಪೀಡೆ ತಪ್ಪಿದ್ದು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದ ಮೇಲೆ. ನಮ್ಮ ಜೀಪಿನಂಥ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಅದುಮಬೇಕು. ಅದು ತೋಳಿನ ಕೆಲಸವಲ್ಲ.

ಮೋಟಾರಿಗೆ ದುಡ್ಡು ಸುರಿಯುವ ಮೊದಲು ಮೀಟರು ಹಿಡಿದು ನೋಡಿದ್ದೆ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಪಾಸಿಟಿವ್‌ಗೂ ಮೋಟಾರಿನ ದಪ್ಪ ಬೋಲ್ಟಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕೇಬಲ್ಲಿನದೇ ದೋಷ, ಇಲ್ಲಿ ಹಾಗಿರಲಿಲ್ಲ. ಅರ್ಥ್ ಕಡೆಯೂ ಸರಿಯಿತ್ತು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ; ಅದಕ್ಕೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಕಿಲುಬು ಹಿಡಿದರೆ ಕರೆಂಟಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಆ ಪಟ್ಟಿಯೊಂದನ್ನು ಉಜ್ಜಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಮೋಟಾರು ಕೊಂಡವರು ನಮ್ಮೂರಿನಲ್ಲೇ ಇದ್ದಾರೆ. ನಮ್ಮದರಲ್ಲಿ ಕರೆಂಟು ಪೂರ್ತಿ ಹೋಗುತ್ತಿತ್ತು, ಮೋಟಾರು ಬಿಸಿಯಾಗುತ್ತಿತ್ತು, ತಿರುಗುತ್ತಿರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ಹೊಸದನ್ನು ನಿನ್ನೆ ಶಿವಮೊಗ್ಗದಿಂದ ತಂದೆ.

ಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಸೆಲ್ಫಿಗೆ ಬರುವ ದಪ್ಪ ಕೇಬಲ್ಲಿಗೆ ಫ್ಯೂಸಿಲ್ಲ, ಕೀ ತೆಗೆದಿದ್ದರೂ ಅದರಲ್ಲಿ ಕರೆಂಟು ಇರುತ್ತದೆ. ಸ್ಪ್ಯಾನರು ಒಂದು ಕಡೆ ಅದಕ್ಕೆ, ಇನ್ನೊಂದು ಕಡೆ ಚಾಸಿಗೆ ತಾಗಿದರೆ ವೆಲ್ಡಿಂಗ್ ಅಂಗಡಿ ತೆರೆದ ಹಾಗೆ. ಕೆಳಗಿನ ಬೋಲ್ಟು ಸುಲಭವಾಗಿ ಬಂತು. ಮೇಲಿನದು ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ತಡಕಿ ರಿಂಗ್ ಸ್ಪ್ಯಾನರು ಕೂರಿಸಬೇಕು, ಒಂದು ಸಲಕ್ಕೆ ಕಾಲು ಸುತ್ತೂ ತಿರುಗುವುದಿಲ್ಲ. ಬೆಳಗ್ಗಿನ ಮುಕ್ಕಾಲು ಪಾಲನ್ನು ಅದೊಂದೇ ನುಂಗಿತು. ಭಾರದ ಮೋಟಾರನ್ನು ಎದೆಯ ಮೇಲೆ ಇಳಿಸಿಕೊಂಡಾಗ ತಮ್ಮನ ಮಗ ಇಣುಕಿ, “ದೊಡ್ಡಪ್ಪ, ನಿಮಗೇನೂ ಆಗಲಿಲ್ಲವಲ್ಲ?” ಎಂದ.

ಮೋಟಾರು ಹೊರಗಿರುವಾಗಲೇ ಸೆಲ್ಫ್ ತಿರುಗಿಸುವ ಎಂಜಿನ್ನಿನ ದೊಡ್ಡ ಚಕ್ರದ, ಅಂದರೆ ಫ್ಲೈವೀಲಿನ, ಹಲ್ಲು ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸಲ ಹೆಚ್ಚುಕಡಿಮೆ ಅವೇ ಎರಡು ಜಾಗಗಳಲ್ಲಿ ನಿಲ್ಲುತ್ತದೆ, ಸೆಲ್ಫಿನ ತುದಿಯ ಪುಟ್ಟ ಹಲ್ಲುಚಕ್ರದ (ಬೆಂಡಿಕ್ಸ್) ಹೊಡೆತವೆಲ್ಲ ಅಲ್ಲಿನ ಹಲ್ಲುಗಳಿಗೇ. ಗೇರಿಗೆ ಹಾಕಿ ಹುಡುಗನಿಂದ ಜೀಪನ್ನು ಸ್ವಲ್ಪ ಸ್ವಲ್ಪವೇ ತಳ್ಳಿಸುತ್ತ ಟಾರ್ಚಿನಲ್ಲಿ ನೋಡಿದೆ. ತುದಿ ಮೊಂಡಾಗಿವೆ, ಮುರಿದಿಲ್ಲ.

ಹೊಸದನ್ನು ಕೂರಿಸುವ ಮುನ್ನ ನೆಲದ ಮೇಲೆ ಕಾಲಿನಲ್ಲಿ ಅದುಮಿ ಹಿಡಿದು ಬೇರೆ ಬ್ಯಾಟರಿಯಿಂದ ಓಡಿಸಿ ನೋಡಿದೆ. ಸಡಿಲ ಬಿಟ್ಟರೆ ಅದು ಎಗರುತ್ತದೆ. ಅದು ಕೂರುವ ಮುಖವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿದೆ, ಅರ್ಥ್ ಸಿಗುವುದೇ ಅಲ್ಲಿಂದ. ಉಳಿದದ್ದು ಬಿಚ್ಚಿದ್ದರ ತಿರುವುಮುರುವು. ನೆಗೆಟಿವ್ ಕೊನೆಗೆ. “ಈಗ ಹೊಡೆಯಲೇ?” ಎಂದು ಕೇಳಿದ ಹುಡುಗನಿಗೆ ಹೂಂ ಎಂದೆ. ಜೀಪು ತಕರಾರಿಲ್ಲದೆ ಎದ್ದಿತು.

ಊಟದ ನಂತರ ಹಳೆಯದನ್ನು ಬಿಚ್ಚಿದೆ. ಒಳಗೆಲ್ಲ ಕಾರ್ಬನ್ನಿನ ಕರಿಪುಡಿ. ಮೋಟಾರಿನ ದಂಡ ಕೂತು ತಿರುಗುವ ಕಂಚಿನ ಬುಷ್ ಸವೆದು ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಒಳಗೆ ತಿರುಗುವ ಭಾಗವಾದ ಆರ್ಮೇಚರು ಒಂದು ಕಡೆ ಜಗ್ಗಿ ಸುತ್ತಲಿನ ಕಬ್ಬಿಣಕ್ಕೆ ಉಜ್ಜಿ, ಆ ಭಾಗವಷ್ಟೇ ಬೆಳ್ಳಗೆ ಹೊಳೆಯುತ್ತಿತ್ತು. ವೈಂಡಿಂಗಿನ ಅರಗು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇದು ಬರೀ ವಯಸ್ಸಿನ ಸವೆತವಲ್ಲ, ಉದ್ದುದ್ದ ಹೊಡೆದ ಸೆಲ್ಫಿನ ಫಲ. ಹಾಗೇಕೆ ಹೊಡೆಯಬೇಕಾಗುತ್ತಿತ್ತು? ಅನುಮಾನದಿಂದ, ಎಂಜಿನ್ ಏಳುವ ಮೊದಲು ಸಿಲಿಂಡರುಗಳ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ಗುಗಳನ್ನು ಕಳಚಿ ಒಂದೊಂದಾಗಿ ಬ್ಯಾಟರಿಗೆ ತಾಗಿಸಿದೆ. ಎರಡರ ತುದಿ ಕೆಂಪಾಯಿತು, ಇನ್ನೆರಡು ತಣ್ಣಗೆ ಕೂತವು. ಮಳೆಗಾಲದ ಚಳಿಗೆ ಎರಡು ಸಿಲಿಂಡರು ಏಳದಿದ್ದರೆ ಮೋಟಾರು ಎಷ್ಟೆಂದು ಹೊರಬೇಕು? ಹೊಸ ಮೋಟಾರು ಹಾಕಿ ಇವನ್ನು ಹಾಗೆಯೇ ಬಿಟ್ಟಿದ್ದರೆ ಅದನ್ನೂ ಸುಟ್ಟ ಹಾಗೆಯೇ ಆಗುತ್ತಿತ್ತು.

ನಾಲ್ಕೂ ಪ್ಲಗ್ಗು ಹೊಸದೇ ಹಾಕುವುದೆಂದು ಅಂಗಡಿಗೆ ಫೋನಿನಲ್ಲಿ ಹೇಳಿದ್ದೇನೆ, ನಾಳಿನ ಬಸ್ಸಿಗೆ ಹಾಕುತ್ತಾರಂತೆ. ಅಲ್ಲಿಯವರೆಗೆ ಹಳೆಯವೇ ಇರಲಿ. ಆದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಹೊಡೆದರೆ ನಡುವೆ ಅರ್ಧ ನಿಮಿಷ ಬಿಡಬೇಕು ಎಂದು ತಮ್ಮನಿಗೂ ಅವನ ಮಗನಿಗೂ ಹೇಳಿದೆ. ಮಗ ತಲೆಯಾಡಿಸಿದ. ತಮ್ಮ, “ಎದ್ದಿತಲ್ಲ ಅಣ್ಣಾ, ಇನ್ನೇನು?” ಎಂದು ಕೀ ಎತ್ತಿಕೊಂಡು ಹೋದ.