ಆರ್ಲ್ಯಾಂಡೊಗೆ ಹೊರಡುವ ಮುನ್ನ ಮಗುವಿನ ಎತ್ತರ ಅಳೆಯಿರಿ

ಫ್ಲಾರಿಡಾದ ಆರ್ಲ್ಯಾಂಡೊ ವಿಮಾನ ನಿಲ್ದಾಣದಿಂದ ಹೊರಬಿದ್ದರೆ ದಾರಿ ಎರಡು ಕವಲಾಗುತ್ತದೆ. ಒಂದು ವಾಲ್ಟ್ ಡಿಸ್ನಿ ವರ್ಲ್ಡ್ ಕಡೆಗೆ, ಇನ್ನೊಂದು ಯೂನಿವರ್ಸಲ್ ಆರ್ಲ್ಯಾಂಡೊ ಕಡೆಗೆ. ಎರಡೂ ಹಲವು ಮನರಂಜನಾ ಪಾರ್ಕ್‌ಗಳ ದೊಡ್ಡ ಆವರಣಗಳು. ಎರಡರ ನಡುವೆ ಇರುವುದು ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಹೆದ್ದಾರಿ. ಹೀಗಾಗಿ ಎರಡೂ ಒಂದೇ ಬಗೆಯ ಜಾಗ ಎಂದುಕೊಂಡು, ಹೋಟೆಲ್ ಎಲ್ಲಿ ಅಗ್ಗವಾಗಿ ಸಿಕ್ಕಿತೋ ಅಲ್ಲಿ ಬುಕ್ ಮಾಡಿಬಿಡುವ ಕುಟುಂಬಗಳು ಬಹಳ. ದರದ ಲೆಕ್ಕಕ್ಕೆ ಕೂರುವ ಮೊದಲು ಮನೆಯ ಚಿಕ್ಕ ಮಗುವಿಗೆ ಶೂ ಹಾಕಿಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಟೇಪು ಹಿಡಿಯಿರಿ. ಆ ಅಂಕಿ ಅರ್ಧ ತೀರ್ಮಾನವನ್ನು ತಾನೇ ಮಾಡಿಬಿಡುತ್ತದೆ.

ದೊಡ್ಡ ರೈಡ್ ಹತ್ತಲು ಮಗು ಇಷ್ಟು ಎತ್ತರ ಇರಲೇಬೇಕು ಎಂಬ ಗೆರೆ ಇರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು 122 ಸೆಂಟಿಮೀಟರ್, ಅಂದರೆ 48 ಇಂಚು. ಯೂನಿವರ್ಸಲ್‌ನಲ್ಲಿ ಜನ ಯಾವುದಕ್ಕಾಗಿ ಹೋಗುತ್ತಾರೋ ಆ ರೈಡ್‌ಗಳಲ್ಲಿ ಬಹುಪಾಲು ಈ ಗೆರೆಯ ಆಚೆಗಿವೆ. ಹ್ಯಾರಿ ಪಾಟರ್ ಕಥೆಯ ಹ್ಯಾಗ್ರಿಡ್‌ನ ಮೋಟಾರ್‌ಬೈಕ್ ಕೋಸ್ಟರ್ (ಹಳಿಯ ಮೇಲೆ ಏರಿಳಿದು ಓಡುವ ಬಂಡಿ), ಹಾಗ್ವಾರ್ಟ್ಸ್ ಕೋಟೆಯೊಳಗಿನ ಫರ್ಬಿಡನ್ ಜರ್ನಿ, ಮಮ್ಮಿ ಎಂಬ ಕೋಸ್ಟರ್, ಹೊಸ ಪಾರ್ಕ್ ಎಪಿಕ್ ಯೂನಿವರ್ಸ್‌ನ ಸ್ಟಾರ್‌ಡಸ್ಟ್ ರೇಸರ್ಸ್ ಎಲ್ಲಕ್ಕೂ 122. ವೆಲಾಸಿಕೋಸ್ಟರ್‌ಗೆ 130, ಹಲ್ಕ್‌ಗೆ 137. ಡಿಸ್ನಿಯಲ್ಲಿ 122 ಕೇಳುವ ದೊಡ್ಡ ರೈಡ್‌ಗಳೆಂದರೆ ಟ್ರಾನ್ ಮತ್ತು ರಾಕ್ ಎನ್ ರೋಲರ್ ಕೋಸ್ಟರ್. ಸ್ಪೇಸ್ ಮೌಂಟನ್, ಎಕ್ಸ್‌ಪೆಡಿಶನ್ ಎವರೆಸ್ಟ್, ಅವತಾರ್ ಫ್ಲೈಟ್ ಆಫ್ ಪ್ಯಾಸೇಜ್‌ಗಳಿಗೆ 112 ಸಾಕು. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್, ಸ್ಲಿಂಕಿ ಡಾಗ್ ಡ್ಯಾಶ್‌ಗಳಿಗೆ 97. ಅಂದರೆ 115 ಸೆಂಟಿಮೀಟರಿನ ಮಗು ಡಿಸ್ನಿಯಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹತ್ತುತ್ತದೆ, ಯೂನಿವರ್ಸಲ್‌ನಲ್ಲಿ ಅಕ್ಕ ಅಣ್ಣಂದಿರು ಹತ್ತುವುದನ್ನು ನೋಡುತ್ತ ನಿಲ್ಲುತ್ತದೆ. ರೈಡ್ ಬಾಗಿಲಲ್ಲಿ ಅಳತೆಯ ಕಂಬ ಇರುತ್ತದೆ. ಮಗು ನೇರ ನಿಂತು ತಲೆ ಆ ಗೆರೆಗೆ ಮುಟ್ಟಬೇಕು. ಎತ್ತಿ ಕಟ್ಟಿದ ಜುಟ್ಟು ಲೆಕ್ಕಕ್ಕಿಲ್ಲ. ಒಂದು ಸೆಂಟಿಮೀಟರ್ ಕಡಿಮೆ ಇದ್ದರೂ ಬಿಡುವುದಿಲ್ಲ, ಬಿಡಲೂಬಾರದು; ಸೀಟಿನ ಪಟ್ಟಿ ಹಿಡಿಯುವುದು ಆ ಅಳತೆಯ ಮೈಯನ್ನು. ವರ್ಷವಿಡೀ ಆಸೆ ಹುಟ್ಟಿಸಿ ಬಾಗಿಲಲ್ಲಿ ವಾಪಸು ಕರೆತರುವುದಕ್ಕಿಂತ ಮನೆಯಲ್ಲೇ ಅಳೆದು, ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಮಗುವಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ವ್ಯತ್ಯಾಸ ಜಾಗದ್ದು. 1971ರಲ್ಲಿ ಬಾಗಿಲು ತೆರೆದ ಡಿಸ್ನಿ ವರ್ಲ್ಡ್ ಸುಮಾರು ನೂರು ಚದರ ಕಿಲೋಮೀಟರ್ ಹರಡಿಕೊಂಡಿದೆ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕ್, ಎರಡು ವಾಟರ್ ಪಾರ್ಕ್, ಇಪ್ಪತ್ತಕ್ಕೂ ಹೆಚ್ಚು ಹೋಟೆಲ್. ಇದನ್ನು ಒಂದು ಊರು ಎಂದೇ ತಿಳಿಯಬೇಕು. ಊರೆಂದ ಮೇಲೆ ಓಡಾಟಕ್ಕೆ ಸಮಯ ಕೊಡಲೇಬೇಕು.

ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋಗುವುದನ್ನೇ ನೋಡಿ. ಕಾರು ನಿಲ್ಲಿಸುವ ಜಾಗ ಪಾರ್ಕಿನ ಬಾಗಿಲಲ್ಲಿಲ್ಲ, ದೊಡ್ಡದೊಂದು ಕೆರೆಯ ಈಚೆ ದಡದಲ್ಲಿದೆ. ಅಲ್ಲಿ 30 ಡಾಲರ್ ಆಸುಪಾಸು ಪಾರ್ಕಿಂಗ್ ಕಟ್ಟಿ, ಕಾರು ನಿಲ್ಲಿಸಿದ ಸಾಲಿನ ಹೆಸರನ್ನು ಫೋಟೋ ತೆಗೆದುಕೊಂಡು, ಟ್ರಾಮ್ ಹತ್ತಿಯೋ ನಡೆದೋ ಟ್ರಾನ್ಸ್‌ಪೋರ್ಟೇಶನ್ ಸೆಂಟರ್ ತಲುಪಿ, ಬ್ಯಾಗ್ ತಪಾಸಣೆ ಮುಗಿಸಿ, ಆಮೇಲೆ ಮಾನೊರೈಲ್ ಅಥವಾ ಫೆರ್ರಿ ಹತ್ತಬೇಕು. ಆಚೆ ದಡದಲ್ಲಿ ಇಳಿದ ಮೇಲೆ ಟಿಕೆಟ್ ಗೇಟು. ಕಾರಿನ ಬಾಗಿಲಿನಿಂದ ಆ ಪಾರ್ಕಿನೊಳಗಿನ ಕೋಟೆಯ ಮುಂದೆ ನಿಲ್ಲುವವರೆಗೆ ಮುಕ್ಕಾಲು ಗಂಟೆ ಎಂದು ಇಟ್ಟುಕೊಳ್ಳಿ. ತಳ್ಳುಗಾಡಿ ಇದ್ದವರಿಗೆ ಫೆರ್ರಿಯೇ ಸಲೀಸು, ಗಾಡಿಯನ್ನು ಹಾಗೇ ತಳ್ಳಿಕೊಂಡು ಹತ್ತಬಹುದು. ಪಾರ್ಕ್ ಒಂಬತ್ತಕ್ಕೆ ತೆರೆಯುತ್ತದೆಂದು ಒಂಬತ್ತಕ್ಕೆ ಪಾರ್ಕಿಂಗ್‌ಗೆ ಬರುವವರು ಅಂದಿನ ಅತಿ ಬೆಲೆಯುಳ್ಳ ಗಂಟೆಯನ್ನು ಕಳೆದುಕೊಳ್ಳುತ್ತಾರೆ. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಈ ಸುತ್ತಾಟವಿಲ್ಲ, ಹೋಟೆಲ್ ಬಸ್ಸು ನೇರ ಪಾರ್ಕಿನ ಗೇಟಿನ ಬಳಿಯೇ ಇಳಿಸುತ್ತದೆ. ಕಂಟೆಂಪರರಿ ಹೋಟೆಲಿನಿಂದಾದರೆ ಹತ್ತು ನಿಮಿಷದ ನಡಿಗೆ. ಪಾಪ್ ಸೆಂಚುರಿ, ಆರ್ಟ್ ಆಫ್ ಅನಿಮೇಶನ್‌ನಂಥ ಹೋಟೆಲುಗಳಿಂದ ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಸ್ಕೈಲೈನರ್ ಎಂಬ ತೂಗುತೊಟ್ಟಿಲು ಇದೆ. ಮಿಂಚು ಬಂದರೆ ಅದು ನಿಲ್ಲುತ್ತದೆ ಎನ್ನುವುದನ್ನು ಮಾತ್ರ ಮರೆಯಬಾರದು.

ಯೂನಿವರ್ಸಲ್‌ನ ಹಳೆಯ ಆವರಣದಲ್ಲಿ ಇದೆಲ್ಲ ಇಲ್ಲ. ಬಹುಮಹಡಿ ಪಾರ್ಕಿಂಗ್, ಒಂದೇ ಕಡೆ ತಪಾಸಣೆ, ಚಲಿಸುವ ನಡೆಪಟ್ಟಿ, ಅದು ಮುಗಿಯುವಲ್ಲಿ ಊಟದ ಜಾಗಗಳೂ ಅಂಗಡಿಗಳೂ ಇರುವ ಸಿಟಿವಾಕ್. ಅಲ್ಲಿಂದ ಒಂದು ಕಡೆ 1990ರ ಯೂನಿವರ್ಸಲ್ ಸ್ಟುಡಿಯೋಸ್ ಫ್ಲಾರಿಡಾ, ಇನ್ನೊಂದು ಕಡೆ 1999ರ ಐಲ್ಯಾಂಡ್ಸ್ ಆಫ್ ಅಡ್ವೆಂಚರ್. ಒಂದರ ಗೇಟಿನಿಂದ ಇನ್ನೊಂದರ ಗೇಟಿಗೆ ನಡೆದೇ ಹೋಗಬಹುದು. ಎರಡರ ಒಳಗಿನಿಂದ ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ರೈಲೂ ಓಡುತ್ತದೆ, ಆದರೆ ಒಂದೇ ಪಾರ್ಕಿನ ಟಿಕೆಟ್ ಇದ್ದವರನ್ನು ಹತ್ತಿಸುವುದಿಲ್ಲ, ಪಾರ್ಕ್ ಟು ಪಾರ್ಕ್ ಟಿಕೆಟ್ ಬೇಕು. ಹ್ಯಾರಿ ಪಾಟರ್ ಹುಚ್ಚಿರುವ ಮಕ್ಕಳಿದ್ದರೆ ಈ ಹೆಚ್ಚಿನ ಹಣ ಕೊಡುವುದೇ ಸರಿ. ಆ ಕಥೆಯ ಹಾಗ್ಸ್‌ಮೀಡ್ ಹಳ್ಳಿ ಒಂದು ಪಾರ್ಕಿನಲ್ಲಿ, ಡಯಾಗನ್ ಆ್ಯಲಿ ಬೀದಿ ಇನ್ನೊಂದರಲ್ಲಿ. ರೈಲು ಬಿಟ್ಟರೆ ಕಥೆ ಎರಡು ತುಂಡಾಗುತ್ತದೆ. 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಮಾತ್ರ ಈ ಆವರಣದಲ್ಲಿಲ್ಲ. ಅದು ಕೆಲವು ಕಿಲೋಮೀಟರ್ ದೂರ, ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು. ಅದಕ್ಕೊಂದು ಪೂರ್ತಿ ದಿನ ಬೇರೆಯೇ ಇಡಿ. ಅಲ್ಲಿ ನೆರಳು ಕಡಿಮೆ. ಟೋಪಿ, ನೀರಿನ ಬಾಟಲಿ ಇಲ್ಲದೆ ಮಧ್ಯಾಹ್ನ ಕಳೆಯುವುದು ಮಕ್ಕಳಿಗೆ ಕಷ್ಟ. ಮಾರಿಯೊ ಕಾರ್ಟ್, ಡಾಂಕಿ ಕಾಂಗ್ ಗಣಿಗಾಡಿ, ಡ್ರ್ಯಾಗನ್ ದ್ವೀಪದ ವಿಂಗ್ ಗ್ಲೈಡರ್ಸ್‌ಗೆ 102 ಸೆಂಟಿಮೀಟರ್ ಸಾಕಾಗುವುದರಿಂದ, ಯೂನಿವರ್ಸಲ್‌ನ ಮೂರು ಪಾರ್ಕ್‌ಗಳಲ್ಲಿ ಚಿಕ್ಕವರಿಗೆ ಹೆಚ್ಚು ದಕ್ಕುವುದು ಇದೇ.

ಇನ್ನು ಕ್ಯೂ. ಎರಡೂ ಕಡೆ ಕ್ಯೂ ತಪ್ಪಿಸುವುದಕ್ಕೆ ಹಣ ತೆಗೆದುಕೊಳ್ಳುತ್ತಾರೆ, ಆದರೆ ರೀತಿ ಪೂರ್ತಿ ಬೇರೆ. ಡಿಸ್ನಿಯ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದರೆ ಸಮಯ ಕಾಯ್ದಿರಿಸುವುದು. ಮೊದಲೇ ಮೂರು ರೈಡ್ ಆರಿಸಿಕೊಳ್ಳಬೇಕು, ಒಂದೊಂದಕ್ಕೂ ಒಂದು ಗಂಟೆಯ ಅವಧಿ ಸಿಗುತ್ತದೆ. ಪಾರ್ಕಿನೊಳಗೆ ಒಂದನ್ನು ಬಳಸಿದ ಮೇಲೆ ಇನ್ನೊಂದು ತೆಗೆದುಕೊಳ್ಳಬಹುದು. ಟ್ರಾನ್, ರೈಸ್ ಆಫ್ ದಿ ರೆಸಿಸ್ಟೆನ್ಸ್, ಫ್ಲೈಟ್ ಆಫ್ ಪ್ಯಾಸೇಜ್‌ನಂಥವು ಇದರೊಳಗೆ ಬರುವುದಿಲ್ಲ, ಅವಕ್ಕೆ ಸಿಂಗಲ್ ಪಾಸ್ ಬೇರೆ ಕೊಳ್ಳಬೇಕು. ಡಿಸ್ನಿ ಹೋಟೆಲಿನಲ್ಲಿ ತಂಗುವವರಿಗೆ ಚೆಕ್‌ಇನ್‌ಗೆ 7 ದಿನ ಮೊದಲು, ಉಳಿದವರಿಗೆ ಪಾರ್ಕಿನ ದಿನಕ್ಕೆ 3 ದಿನ ಮೊದಲು, ಅಲ್ಲಿನ ಬೆಳಿಗ್ಗೆ 7 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಭಾರತದಲ್ಲಿ ಕೂತು ಮಾಡುವವರಿಗೆ ಅದು ಬೇಸಿಗೆಯಲ್ಲಿ ಸಂಜೆ 4.30, ಚಳಿಗಾಲದಲ್ಲಿ 5.30. ಆ ಹೊತ್ತಿಗೆ ಎಲ್ಲರ ಟಿಕೆಟ್ಟೂ ಆ್ಯಪ್‌ನ ಒಂದೇ ಖಾತೆಗೆ ಸೇರಿರಬೇಕು. ಅಜ್ಜಿಯ ಟಿಕೆಟ್ ಒಂದು ಬಿಟ್ಟುಹೋಗಿದ್ದರೂ ಅದನ್ನು ಸೇರಿಸುವಷ್ಟರಲ್ಲಿ ಒಳ್ಳೆಯ ಸಮಯಗಳೆಲ್ಲ ಖಾಲಿ. ಹೋಟೆಲಿನಲ್ಲಿ ತಂಗುವವರು ಇಡೀ ವಾಸ್ತವ್ಯದ ದಿನಗಳನ್ನು ಒಂದೇ ಸಲಕ್ಕೆ ಬುಕ್ ಮಾಡಬಹುದಾದ್ದರಿಂದ, ಕಷ್ಟದ ಪಾರ್ಕನ್ನು ಮೊದಲ ದಿನಕ್ಕೆ ಹಾಕದೆ ಕೊನೆಯ ದಿನಗಳಿಗೆ ಹಾಕಬೇಕು. ಆ ದಿನಾಂಕಕ್ಕೆ ಬೇರೆಯವರು ಇನ್ನೂ ಕೈ ಹಾಕಿರುವುದಿಲ್ಲ. ದರ ದಿನ ಮತ್ತು ಪಾರ್ಕ್ ನೋಡಿ ಏರಿಳಿಯುತ್ತದೆ. ಗದ್ದಲದ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ತಲಾ 30 ಡಾಲರ್ ದಾಟುವುದು ಮಾಮೂಲು.

ಹಣ ಕೊಡದೆಯೂ ಒಂದು ದಾರಿ ಇದೆ. ಡಿಸ್ನಿ ಹೋಟೆಲಿನಲ್ಲಿ ತಂಗುವವರನ್ನು ಪ್ರತಿದಿನ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆಗ ಫ್ಯಾಂಟಸಿಲ್ಯಾಂಡ್, ಟುಮಾರೋಲ್ಯಾಂಡ್ ಎರಡು ಭಾಗ ಮಾತ್ರ ತೆರೆದಿರುತ್ತವೆ. ಚಿಕ್ಕ ಮಕ್ಕಳಿದ್ದರೆ ನೇರ ಪೀಟರ್ ಪ್ಯಾನ್ಸ್ ಫ್ಲೈಟ್‌ಗೆ ನಡೆಯಿರಿ. ಅದರ ಹಾರುವ ದೋಣಿಗಳು ತೀರಾ ಪುಟ್ಟವು, ಗಂಟೆಗೆ ಕೂರಿಸುವ ಜನ ಕಡಿಮೆ, ಹಾಗಾಗಿ ಹತ್ತು ಗಂಟೆಗೆ ಬೆಳೆದ ಕ್ಯೂ ರಾತ್ರಿಯವರೆಗೂ ಕರಗುವುದಿಲ್ಲ. ಎದುರಿಗೇ ಇರುವ ಇಟ್ಸ್ ಎ ಸ್ಮಾಲ್ ವರ್ಲ್ಡ್‌ನಲ್ಲಿ ದೊಡ್ಡ ದೋಣಿಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ಕ್ಯೂ ಎಷ್ಟು ಉದ್ದ ಇದೆ ಎನ್ನುವುದಕ್ಕಿಂತ ಎಷ್ಟು ಬೇಗ ಸರಿಯುತ್ತದೆ ಎಂದು ನೋಡುವ ಅಭ್ಯಾಸ ಈ ಪಾರ್ಕ್‌ಗಳಲ್ಲಿ ಬಹಳ ಉಳಿಸುತ್ತದೆ.

ಯೂನಿವರ್ಸಲ್‌ನ ಎಕ್ಸ್‌ಪ್ರೆಸ್ ಪಾಸ್‌ಗೆ ಸಮಯ ಗೊತ್ತುಮಾಡುವ ರಗಳೆ ಇಲ್ಲ. ಬೇಕಾದಾಗ ಎಕ್ಸ್‌ಪ್ರೆಸ್ ಸಾಲಿಗೆ ಹೋಗಿ ತೋರಿಸಿದರೆ ಆಯಿತು. ಬೇರೆಯಾಗಿ ಕೊಂಡರೆ ಕೈ ಸುಡುತ್ತದೆ. ಆದರೆ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಎಂಬ ಮೂರು ಹೋಟೆಲುಗಳ ಕೋಣೆಯ ಬಾಡಿಗೆಯಲ್ಲೇ ಕೋಣೆಯಲ್ಲಿರುವ ಎಲ್ಲರಿಗೂ ಎಷ್ಟು ಸಲವಾದರೂ ಬಳಸಬಹುದಾದ ಎಕ್ಸ್‌ಪ್ರೆಸ್ ಸೇರಿರುತ್ತದೆ, ಬಂದ ದಿನಕ್ಕೂ ಬಿಡುವ ದಿನಕ್ಕೂ. ನಾಲ್ಕು ಜನರ ಕುಟುಂಬ ಒಂದೇ ರಾತ್ರಿ ಉಳಿದರೆ ಎಂಟು ಪಾಸು ಸಿಕ್ಕಂತಾಯಿತು. ಅಗ್ಗದ ಹೋಟೆಲಿನ ಬಾಡಿಗೆಗೆ ಆ ಎಂಟು ಪಾಸಿನ ಬೆಲೆ ಕೂಡಿಸಿ ನೋಡಿದರೆ ದುಬಾರಿ ಹೋಟೆಲೇ ಅಗ್ಗವಾಗುವ ದಿನಗಳು ವರ್ಷದಲ್ಲಿ ಬಹಳ ಇವೆ. ಇಲ್ಲಿ ಎಡವುವುದು ಎರಡು ಕಡೆ. ಈ ಸೌಲಭ್ಯ ಹಳೆಯ ಎರಡು ಪಾರ್ಕ್‌ಗಳಿಗೆ ಮಾತ್ರ, ಎಪಿಕ್ ಯೂನಿವರ್ಸ್‌ಗೂ ವೊಲ್ಕೇನೊ ಬೇ ವಾಟರ್ ಪಾರ್ಕ್‌ಗೂ ಇಲ್ಲ. ಪಾರ್ಕಿನ ಪ್ರವೇಶ ಟಿಕೆಟ್ ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯೇ ಕೊಳ್ಳಬೇಕು.

ದೊಡ್ಡ ಮಕ್ಕಳು ಕೋಸ್ಟರ್ ಹತ್ತಬೇಕು, ಚಿಕ್ಕದು ಹತ್ತುವಂತಿಲ್ಲ ಎನ್ನುವ ಮನೆಗಳಿಗೆ ಎರಡೂ ಕಡೆ ಏರ್ಪಾಡಿದೆ. ಡಿಸ್ನಿಯಲ್ಲಿ ಇದಕ್ಕೆ ರೈಡರ್ ಸ್ವಿಚ್ ಎನ್ನುತ್ತಾರೆ. ಮನೆಮಂದಿಯೆಲ್ಲ ರೈಡ್ ಬಾಗಿಲಿಗೆ ಹೋಗಿ ಅಲ್ಲಿನ ಸಿಬ್ಬಂದಿಗೆ ಮಗುವನ್ನು ತೋರಿಸಬೇಕು. ಅಪ್ಪ ದೊಡ್ಡವರೊಂದಿಗೆ ಕ್ಯೂ ಹಿಡಿಯುತ್ತಾರೆ. ಅಮ್ಮ ಮಗುವಿನೊಂದಿಗೆ ಎಲ್ಲಿ ಬೇಕಾದರೂ ತಿರುಗಾಡಬಹುದು. ಅಪ್ಪ ಬಂದ ಮೇಲೆ ಅಮ್ಮ ಲೈಟ್ನಿಂಗ್ ಲೇನ್ ಬಾಗಿಲಿಂದ ಹೋಗುತ್ತಾರೆ, ಜೊತೆಗೆ ಇನ್ನಿಬ್ಬರನ್ನು ಕರೆದೊಯ್ಯಬಹುದು. ಹಾಗಾಗಿ ದೊಡ್ಡ ಮಗುವಿಗೆ ಎರಡು ಸಲ ಹತ್ತುವ ಭಾಗ್ಯ. ಯೂನಿವರ್ಸಲ್‌ನ ಚೈಲ್ಡ್ ಸ್ವಾಪ್‌ನಲ್ಲಿ ಚಿಕ್ಕ ಮಗುವೂ ಸೇರಿ ಎಲ್ಲರೂ ಕೊನೆಯವರೆಗೂ ಕ್ಯೂನಲ್ಲೇ ಬರಬೇಕು. ಹತ್ತುವ ಜಾಗದ ಪಕ್ಕದಲ್ಲಿ ಕಾಯುವ ಕೋಣೆ, ಅಲ್ಲಿ ಮಗುವನ್ನು ಕೈ ಬದಲಿಸಿಕೊಂಡು ಸರದಿಯಂತೆ ಹತ್ತಬೇಕು. ಒಂದೂವರೆ ಗಂಟೆಯ ಕ್ಯೂನಲ್ಲಿ ಮೂರು ವರ್ಷದ ಮಗುವನ್ನು ಹಿಡಿದು ನಿಲ್ಲುವುದೆಂದರೆ ಏನು ಎಂದು ಮೊದಲೇ ಯೋಚಿಸಿ. ಎಕ್ಸ್‌ಪ್ರೆಸ್ ಇದ್ದರೆ ಮಾತ್ರ ಇದು ಹಗುರ.

ಯೂನಿವರ್ಸಲ್‌ನಲ್ಲಿ ಇನ್ನೊಂದು ಕೆಲಸ ಲಾಕರ್. ದೊಡ್ಡ ಕೋಸ್ಟರ್‌ಗಳಿಗೆ ಬ್ಯಾಗ್ ಒಯ್ಯುವಂತಿಲ್ಲ. ಬಾಗಿಲ ಬಳಿ ಸಣ್ಣ ಲಾಕರ್ ಕ್ಯೂ ಮುಗಿಯುವಷ್ಟು ಹೊತ್ತು ಉಚಿತ, ದೊಡ್ಡದಕ್ಕೆ ಹಣ. ಹಲ್ಕ್ ಮತ್ತು ವೆಲಾಸಿಕೋಸ್ಟರ್‌ಗಳಲ್ಲಿ ಲೋಹ ಪತ್ತೆಯ ಬಾಗಿಲೂ ಇದೆ. ಜೇಬಿನಲ್ಲಿ ಒಂದು ನಾಣ್ಯ, ಕೀಲಿ, ಫೋನ್ ಇದ್ದರೂ ವಾಪಸು. ಗಂಟೆಗೆ 113 ಕಿಲೋಮೀಟರ್ ವೇಗದಲ್ಲಿ ತಲೆಕೆಳಗಾಗುವ ವೆಲಾಸಿಕೋಸ್ಟರ್‌ನಲ್ಲಿ ಜೇಬಿನಿಂದ ಜಾರಿದ ಫೋನು ಕಲ್ಲೇಟಿದ್ದಂತೆ. ಅಲ್ಲಿನ ಲಾಕರ್ ಹತ್ತುವ ಜಾಗಕ್ಕೆ ಸ್ವಲ್ಪ ಮೊದಲು, ಕ್ಯೂ ಒಳಗೇ ಇದೆ, ಮತ್ತು ಅದಕ್ಕೆ ಎರಡು ಬಾಗಿಲು. ಈ ಕಡೆಯಿಂದ ಸಾಮಾನು ಇಟ್ಟು ಹತ್ತಿದರೆ, ಇಳಿದು ಬರುವಾಗ ಆ ಕಡೆಯ ಬಾಗಿಲಿನಿಂದ ಅದೇ ಪೆಟ್ಟಿಗೆ ತೆರೆಯುತ್ತದೆ. ಕ್ಯೂನಲ್ಲಿ ಫೋನು ಕೈಯಲ್ಲೇ ಇರುತ್ತದೆ, ವಾಪಸು ಬರುವಾಗ ನೂಕುನುಗ್ಗಲೂ ಇಲ್ಲ. ಎಲ್ಲ ಕೋಸ್ಟರಿಗೂ ಹೀಗೇ ಮಾಡಬೇಕು ಅನ್ನಿಸುವಷ್ಟು ಒಳ್ಳೆಯ ಏರ್ಪಾಡು. ಮೈ ದಪ್ಪ ಇರುವವರು ಹೊರಗೆ ಇಟ್ಟಿರುವ ಪರೀಕ್ಷಾ ಸೀಟಿನಲ್ಲಿ ಒಮ್ಮೆ ಕೂತು ನೋಡಿ ಒಳಗೆ ಹೋಗಲಿ.

ತಲೆಸುತ್ತು ಬರುವವರಿಗೆ ಯೂನಿವರ್ಸಲ್ ಕಷ್ಟದ್ದು. ಫರ್ಬಿಡನ್ ಜರ್ನಿಯಲ್ಲಿ ನಾಲ್ವರು ಕೂರುವ ಬೆಂಚನ್ನು ಯಾಂತ್ರಿಕ ತೋಳೊಂದು ಹೊರಳಿಸುತ್ತಾ, ನಡುನಡುವೆ ದೊಡ್ಡ ಪರದೆಯ ಮುಂದೆ ನಿಲ್ಲಿಸುತ್ತದೆ. ಕಣ್ಣಿಗೆ ಕಾಣುವ ಓಟ ಒಂದು, ಮೈಗೆ ತಾಕುವ ಅಲುಗಾಟ ಇನ್ನೊಂದು. ಹೊಟ್ಟೆ ತೊಳಸುವುದು ಅದಕ್ಕೇ. ಊಟದ ಮುಂಚೆ ಮುಗಿಸಿ; ಒಳಗೆ ತಾಳಲಾಗದಿದ್ದರೆ ಪರದೆ ಬಂದಾಗ ಕಣ್ಣು ಮುಚ್ಚಿದರೆ ಸಾಕು.

ಸಸ್ಯಾಹಾರಿಗಳಿಗೆ ಡಿಸ್ನಿ ವಾಸಿ. ಗಾಜು ಮತ್ತು ಬಿಡಿ ಐಸ್ ಇಲ್ಲದಿದ್ದರೆ ಮನೆಯ ಬುತ್ತಿ ಒಳಗೆ ಒಯ್ಯಬಹುದು. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದು ಪೂರ್ತಿ ಸಸ್ಯಮೂಲದ ಊಟ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ರೆಸ್ಟೋರೆಂಟಿನಲ್ಲಿ ನಾನ್ ಮತ್ತಿತರ ರೊಟ್ಟಿಗಳಿಗೆ ಒಂಬತ್ತು ಬಗೆಯ ಚಟ್ನಿ, ಉಪ್ಪಿನಕಾಯಿ, ಹಚ್ಚಿಕೊಳ್ಳುವ ಪದಾರ್ಥ ಕೊಡುತ್ತಾರೆ. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಅಲ್ಲಿಗೆ 60 ದಿನ ಮೊದಲೇ ಟೇಬಲ್ ಕಾಯ್ದಿರಿಸಬಹುದು. ಯೂನಿವರ್ಸಲ್ ಒಳಗೆ ಸಣ್ಣಪುಟ್ಟ ತಿಂಡಿ, ನೀರು, ಮಗುವಿನ ಆಹಾರಕ್ಕಷ್ಟೇ ಬಿಡುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆ ಹೆಚ್ಚುಕಡಿಮೆ ದಿನಚರಿ. ಹತ್ತಿರದಲ್ಲಿ ಮಿಂಚು ಕಂಡರೆ ಬಯಲಿನ ಕೋಸ್ಟರ್‌ಗಳೆಲ್ಲ ನಿಲ್ಲುತ್ತವೆ. ಹ್ಯಾಗ್ರಿಡ್, ಸ್ಲಿಂಕಿ ಡಾಗ್, ಎವರೆಸ್ಟ್ ಬೆಳಿಗ್ಗೆಯೇ ಮುಗಿದಿರಲಿ. ಮಳೆಯ ಹೊತ್ತಿಗೆ ಹಾಂಟೆಡ್ ಮ್ಯಾನ್ಶನ್, ಪೈರೇಟ್ಸ್, ಗ್ರಿಂಗಾಟ್ಸ್, ಸ್ಪೈಡರ್‌ಮ್ಯಾನ್‌ನಂಥ ಸೂರಿನಡಿಯವನ್ನು ಉಳಿಸಿಕೊಳ್ಳಿ. ಮಳೆಯಂಗಿ ಮನೆಯಿಂದಲೇ ಒಯ್ಯಿರಿ, ಪಾರ್ಕಿನೊಳಗೆ ಅದರ ಬೆಲೆ ಹಲವು ಪಟ್ಟು.

ಮಕ್ಕಳೆಲ್ಲ 122ಕ್ಕಿಂತ ಕೆಳಗಿದ್ದರೆ ಡಿಸ್ನಿಯ ನಾಲ್ಕು ದಿನ ಸಾಕು. ಯೂನಿವರ್ಸಲ್ ಎರಡು ಮೂರು ವರ್ಷ ಕಾಯಲಿ. ಎಲ್ಲರೂ 130 ದಾಟಿದ ಮನೆಯಾದರೆ ಯೂನಿವರ್ಸಲ್‌ಗೆ ಮೂರು ದಿನ ಕೊಟ್ಟು, ಡಿಸ್ನಿಯಲ್ಲಿ ಒಂದೆರಡು ಪಾರ್ಕ್ ನೋಡಿದರೆ ನ್ಯಾಯ. ಎತ್ತರ ಹಂಚಿಹೋದ ಮನೆಗಳು ಡಿಸ್ನಿಯಲ್ಲಿ ಉಳಿದು ಮೊದಲ ಮೂರು ನಾಲ್ಕು ದಿನ ಮುಗಿಸಿ, ಕೊನೆಯ ಒಂದು ರಾತ್ರಿಗೆ ರಾಯಲ್ ಪೆಸಿಫಿಕ್‌ಗೆ ಸಾಮಾನು ಸಾಗಿಸಲಿ. ಬೆಳಿಗ್ಗೆ ಏಳಕ್ಕೇ ಹೋಗಿ ಚೆಕ್‌ಇನ್ ಕೌಂಟರಿನಲ್ಲಿ ಹೆಸರು ಬರೆಸಿದರೆ, ಕೋಣೆ ಸಿಗುವುದು ಸಂಜೆ ನಾಲ್ಕಕ್ಕಾದರೂ ಎಕ್ಸ್‌ಪ್ರೆಸ್ ಆಗಲೇ ಕೈಗೆ ಬರುತ್ತದೆ. ಮರುದಿನ ಕೋಣೆ ಬಿಟ್ಟು, ಸೂಟ್‌ಕೇಸ್‌ಗಳನ್ನು ಹೋಟೆಲಿನಲ್ಲಿ ಸಾಮಾನು ನೋಡಿಕೊಳ್ಳುವ ಬೆಲ್ ಡೆಸ್ಕ್‌ಗೆ ಒಪ್ಪಿಸಿ ಚೀಟಿ ತೆಗೆದುಕೊಂಡು, ರಾತ್ರಿ ಪಾರ್ಕ್ ಮುಚ್ಚುವವರೆಗೂ ಅದೇ ಪಾಸಿನಲ್ಲಿ ರೈಡ್ ಹತ್ತುತ್ತಿರಬಹುದು.